ವಾಲಿದ ಸಂತ

ಅಪ್ಪಾ,

ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು ಅನ್ನಿಸುತ್ತಿದೆ. ನೀನು ಓದುವುದಿಲ್ಲವೆಂದು ಗೊತ್ತಿದ್ದೂ ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ನಮ್ಮ ದ್ವೀಪದಲ್ಲಿ ಊರು ಕಟ್ಟಿದ ಸಂತನ ಹಬ್ಬ, ನೀನು ತೀರಿಹೋದಮೇಲೆ ಮೊದಲನೆಯದು. ಮೂರ್ತಿ ಹೊರುವ ನಾಲ್ವರಲ್ಲಿ ನಿನ್ನ ಜಾಗಕ್ಕೆ, ಎಡಗಡೆ ಮುಂದೆ, ನಾನು ಹೆಗಲು ಕೊಟ್ಟೆ.

ಮೆರವಣಿಗೆ ಬೇಕರಿ ದಾಟುವಷ್ಟರಲ್ಲಿ ಗುಸುಗುಸು ಶುರುವಾಯಿತು. ಬಲೆ ಹೆಣೆಯುವ ಅಜ್ಜಿ ಅಡ್ಡ ಬಂದು ಕೇಳಿಯೇಬಿಟ್ಟಳು: "ಏನಪ್ಪಾ, ಪ್ರತಿ ವರ್ಷ ನಮ್ಮ ಸಂತ ಸಮುದ್ರದ ಕಡೆ ಬಗ್ಗಿ ನೋಡ್ತಿದ್ದ. ಈ ಸಲ ನೆಟ್ಟಗೆ ನಿಂತುಬಿಟ್ಟಿದಾನಲ್ಲ. ನಮ್ಮ ದೋಣಿಗಳ ಗತಿ ಏನು?"

ಮೂವತ್ತು ವರ್ಷ ಸಂತ ಎಡಕ್ಕೆ, ಸಮುದ್ರದ ಕಡೆಗೆ ವಾಲಿದ್ದು ನಿನ್ನ ಗಿಡ್ಡ ಎಡಗಾಲಿನಿಂದ. ಎಡ ಮಂಡಿ ಬಗ್ಗಿಸಿ, ನಿನ್ನ ಹಾಗೆಯೇ ಕುಂಟುತ್ತಾ ಹೆಜ್ಜೆ ಹಾಕಿದೆ. ಸಂತ ಸಮುದ್ರದತ್ತ ವಾಲಿದ. ಅಜ್ಜಿ ಕೈ ಮುಗಿದಳು. ಹಿಂದೆ ಹೊತ್ತಿದ್ದ ಕ್ಷೌರದವನು ಮೆಲ್ಲಗೆ, "ಹಾಂ, ಈಗ ಸರಿಹೋಯ್ತು" ಎಂದ.

ಇಡೀ ಊರಿನ ಮುಂದೆ ಬಂದರಿನವರೆಗೂ ಹಾಗೇ ನಡೆದೆ. ಯಾರೂ ನಗಲಿಲ್ಲ.

ನೀನು ಶಾಲೆಗೆ ಬಿಡಲು ಬರುವಾಗ ನಾನು ಯಾಕೆ ರಸ್ತೆಯ ಆಚೆ ಬದಿಯಲ್ಲೇ ನಡೆಯುತ್ತಿದ್ದೆ ಎಂದು ಒಂದು ದಿನವಾದರೂ ಕೇಳಬಾರದಿತ್ತೇ, ಅಪ್ಪಾ?