ಎಂಟನೆಯ ಮೀನಿನ ಕ್ಲಿಯರ್

ಮಾರ್ಚ್ 3, ಭಾನುವಾರ, ಮಧ್ಯಾಹ್ನ ಮೂರು

ನಾಲ್ಕನೆಯ ಮೀನಿಗೂ ಕ್ಲಿಯರ್ ಆಯಿತು, ಬಣ್ಣದ ಮೇಲಿನ ಪಾರದರ್ಶಕ ಹೊಳಪಿನ ಕೋಟು. ಎಂದಿನಂತೆ — ಬಚ್ಚಲ ನೆಲಕ್ಕೆ ನೀರು ಚಿಮುಕಿಸಿದೆ, ಧೂಳು ಏಳದಿರಲಿ ಎಂದು. ಕಿಟಕಿ ಮುಚ್ಚಿದೆ. ಫ್ಯಾನು ಹಾಕಿದೆ. ಮಾಸ್ಕ್, ಗ್ಲೌಸು. ಎರಡು ಪಾಲು ಕ್ಲಿಯರ್, ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಒಂದು ಪಾಲು, ಸಣ್ಣ ಸ್ಪ್ರೇ ಗನ್. ಮೊದಲ ಕೋಟು ತೆಳ್ಳಗೆ. ಹದಿನೈದು ನಿಮಿಷ ಬಿಟ್ಟು ಎರಡನೆಯದು. ಮೀನಿನ ಬೆನ್ನಿನ ಮೇಲೆ ಬಲ್ಬು ಕನ್ನಡಿಯಲ್ಲಿನಂತೆ ಪೂರ್ತಿ ಕಾಣಿಸಿತು.

ಬರೀ ಮರದ ಮೀನು. ನಿಜವಾದ ಮೀನನ್ನು ಸೆಳೆಯಲು ಗಾಳದ ದಾರಕ್ಕೆ ಕಟ್ಟಿ ನೀರಿಗೆ ಎಸೆಯುವಂಥದ್ದು. ಆದರೂ ಕ್ಲಿಯರ್ ಕೆಟ್ಟರೆ ಎರಡೇ ಸಲಕ್ಕೆ ಮರ ನೀರು ಕುಡಿದು ಬಣ್ಣ ಏಳುತ್ತದೆ. ಮೇ ತಿಂಗಳ ಪ್ರದರ್ಶನಕ್ಕೆ ಎಂಟು ಬೇಕು. ಗಾಳದ ಕ್ಲಬ್ಬಿನವರು ಮೊದಲ ಸಲ ನನಗೂ ಒಂದು ಮೇಜು ಕೊಟ್ಟಿದ್ದಾರೆ.

ಅಕ್ಕ ಬಾಗಿಲು ಬಡಿದಳು. "ಏ ಕೊಕ್ಕರೆ, ಬಚ್ಚಲು ಬಾಡಿಗೆಗೆ ತಗೊಂಡಿದ್ದೀಯೇನೋ?" ಚಿಕ್ಕಂದಿನಲ್ಲಿ ಕೆರೆ ದಂಡೆಯಲ್ಲಿ ಒಂಟಿ ಕಾಲಲ್ಲಿ ನಿಲ್ಲುತ್ತಿದ್ದೆನಂತೆ, ಅಂದಿನಿಂದ ಕೊಕ್ಕರೆ. ನಲವತ್ತಾರಾದರೂ ಕೊಕ್ಕರೆಯೇ.

ಏನು ಹೊಡೀತಿದ್ದೀಯಾ ಎಂದರೆ ವಾಟರ್ ವಾರ್ನಿಷ್ ಎನ್ನುತ್ತೇನೆ. ನೀರಿನದು, ಏನೂ ಆಗಲ್ಲ. ಮಾಸ್ಕ್ ಯಾಕೆ ಎಂದರೆ ಇಪ್ಪತ್ತೆರಡು ವರ್ಷ ಕಾರು ಪೇಂಟ್ ಮಾಡಿದವನ ಅಭ್ಯಾಸ ಎನ್ನುತ್ತೇನೆ. ವರ್ಕ್‌ಶಾಪಿನಲ್ಲಿ ಉಳಿದದ್ದನ್ನು ಹಳೆಯ ವಾರ್ನಿಷ್ ಬಾಟಲಿಗಳಿಗೆ ಸುರಿದು ತಂದಿದ್ದೇನೆ, ಮೇಲೆ ಒಂದು, ಎರಡು ಎಂದು ಬರೆದಿದ್ದೇನೆ. ನಿಜವಾದ ಡಬ್ಬಿ ಕಂಡರೆ ಅದರ ಮೇಲಿನ ಅಪಾಯದ ಚಿತ್ರ ನೋಡಿ ಹೊರಗೆ ಎಸೆಯುತ್ತಾಳೆ. ಸಣ್ಣ ಸುಳ್ಳು. ಫ್ಯಾನು ಎಲ್ಲ ಹೊರಗೆ ತಳ್ಳುತ್ತದೆ.

ಮಾರ್ಚ್ 11, ಸೋಮವಾರ

ಅಕ್ಕನಿಗೆ ಕೆಮ್ಮು. ಅವಳು ಬಸ್ಸುಗಳನ್ನು ಸಾರುವ ನಿಲ್ದಾಣದ ಮೈಕಿನಲ್ಲಿ, "ಎರಡನೇ ಅಂಕಣದಿಂದ ಹೊರಡುವ" ಎನ್ನುವಷ್ಟರಲ್ಲಿ ಶುರುವಾಗಿ, ನಿಲ್ದಾಣಕ್ಕೆ ನಿಲ್ದಾಣವೇ ಕೇಳಿಸಿಕೊಂಡಿತಂತೆ. ಬಸ್ಸಿಗಿಂತ ಮುಂಚೆ ನನ್ನ ಕೆಮ್ಮೇ ಬರುತ್ತೆ ಎಂದು ನಗುತ್ತಾಳೆ. ನಗುವಾಗಲೂ ಕೆಮ್ಮು.

ಬೆಕ್ಕು ಅವಳ ಮಡಿಲಲ್ಲಿ. ಮನೆಗೆ ಏನು ಬಂದರೂ ಮೂಸಿ ನೋಡದೆ ಒಳಗೆ ಬಿಡುವುದಿಲ್ಲ, ಅದಕ್ಕೇ ಅದರ ಹೆಸರು ಇನ್ಸ್‌ಪೆಕ್ಟರ್. ಅದರ ಬೆನ್ನು ಯಾಕೋ ಒರಟಾಗಿದೆ ಎಂದಳು. ನಾನು ಮುಟ್ಟಿ ನೋಡಲಿಲ್ಲ.

ಮಾರ್ಚ್ 26, ಮಂಗಳವಾರ

ಡಾಕ್ಟರ ಹತ್ತಿರ ಹೋಗಿದ್ದೆವು. ಎರಡು ವಾರದಲ್ಲಿ ಕೆಮ್ಮು ಏರಿದೆ, ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸಿಳ್ಳೆ. ನಿಲ್ದಾಣದ ಮ್ಯಾನೇಜರು ಬೇರೆ ಹೇಳಿದ್ದಾರೆ — ತಿಂಗಳೊಳಗೆ ಸರಿಹೋಗದಿದ್ದರೆ ರೆಕಾರ್ಡ್ ಮಾಡಿದ ಧ್ವನಿ ಹಾಕುತ್ತಾರಂತೆ. ಹತ್ತೊಂಬತ್ತು ವರ್ಷದಿಂದ ಆ ಮೈಕು ಅವಳದು.

ಡಾಕ್ಟರು ನಿಧಾನದ ಹೆಂಗಸು. ಎಲ್ಲ ಕೇಳುತ್ತಾರೆ. ಯಾವಾಗ ಜಾಸ್ತಿ? ಭಾನುವಾರ ಸಂಜೆ, ಸೋಮವಾರ. ಆಮೇಲೆ? ಶನಿವಾರದ ಹೊತ್ತಿಗೆ ಕಡಿಮೆ. ಆಗ ನನ್ನ ಕಡೆ ತಿರುಗಿದರು.

"ಮನೇಲಿ ಯಾರಾದರೂ ಪೇಂಟು, ಅಂಟು, ಕೆಮಿಕಲ್ಲು ಉಪಯೋಗಿಸ್ತಾರಾ?"

"ಇಲ್ಲ."

ಎಷ್ಟು ಬೇಗ ಬಂತು ಆ ಮಾತು! ಯೋಚಿಸಿ ಹೇಳಿದ್ದಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಕೈ ಜೇಬಿಗೆ ಹೋಯಿತು, ಉಗುರಲ್ಲಿ ಬಿಳಿ ಬಣ್ಣ ಇತ್ತು. ಅಕ್ಕನೇ ನನ್ನ ಪರ ನಿಂತಳು, ಇವನು ಮರದ ಮೀನು ಮಾಡ್ತಾನೆ, ಆದರೆ ನೀರಿನ ವಾರ್ನಿಷ್ ಅಷ್ಟೇ ಎಂದು. ಭಾನುವಾರ ಏನು ವಿಶೇಷ ಎಂದು ಕೇಳಿದರು. ಭಾನುವಾರ ರಜೆ, ಬೆಕ್ಕು ಇಡೀ ದಿನ ಮಡಿಲಲ್ಲಿ ಎಂದಳು. ಡಾಕ್ಟರು ಪೆನ್ನು ಇಳಿಸಿದರು. ಬೆಕ್ಕನ್ನು ಸ್ವಲ್ಪ ದಿನ ದೂರ ಇಟ್ಟು ನೋಡೋಣ ಎಂದರು.

ವಾಪಸು ಬಂದು ಅಕ್ಕ ಬೆಕ್ಕಿನ ಬಟ್ಟಲನ್ನು ತನ್ನ ಕೋಣೆಯಿಂದ ಹೊರಗಿಟ್ಟಳು.

ಮಾರ್ಚ್ 28, ಗುರುವಾರ

ಅರ್ಧ ದಿನ ರಜೆ ಹಾಕಿ ಬಂದೆ. ಅಕ್ಕ ಕೆಲಸಕ್ಕೆ ಹೋಗಿದ್ದಳು. ಅವಳ ಕೋಣೆಗೆ ಹೋಗಿ ಕಿಟಕಿಯ ಕಟ್ಟೆಯ ಮೇಲೆ ಅಂಗೈ ಸವರಿದೆ.

ಒರಟು. ಸಣ್ಣ ಮರಳಿನ ಹಾಗೆ.

ಈ ಒರಟು ನನಗೆ ಗೊತ್ತು. ಗನ್ನಿನಿಂದ ಹೊರಟ ಕ್ಲಿಯರ್ ಗುರಿ ತಪ್ಪಿ, ಗಾಳಿಯಲ್ಲೇ ಒಣಗಿ, ಬಿದ್ದಲ್ಲಿ ಅಂಟಿಕೊಂಡರೆ ಹೀಗೆಯೇ ಇರುತ್ತದೆ. ಪಕ್ಕದ ಕಾರಿನ ಗಾಜಿನ ಮೇಲೆ ಬಿದ್ದದ್ದನ್ನು ಎಷ್ಟು ಸಲ ಉಜ್ಜಿದ್ದೇನೆ. ಕಿಟಕಿಯಿಂದ ತಲೆ ಹೊರಹಾಕಿದೆ. ಪಕ್ಕದಲ್ಲೇ, ಮೂರು ಮೊಳದಲ್ಲಿ, ನಮ್ಮ ಬಚ್ಚಲಿನ ಫ್ಯಾನು. ಎರಡು ಕಟ್ಟಡಗಳ ನಡುವಿನ ಸಂದಿ ಅದು, ಗಾಳಿ ಹೋಗಲು ಬೇರೆ ದಾರಿಯೇ ಇಲ್ಲ. ಹನ್ನೊಂದು ವರ್ಷದಿಂದ ಈ ಮನೆಯಲ್ಲಿದ್ದೇನೆ. ಆ ಫ್ಯಾನು ಎಲ್ಲಿಗೆ ಊದುತ್ತದೆ ಎಂದು ಒಂದು ದಿನ ನೋಡಲಿಲ್ಲ.

ಕಾಣದ್ದು, ಮೂಗಿಗೂ ಸಿಗದ್ದು ಅದು. ವಾಸನೆ ಬರುವುದು ಥಿನ್ನರಿನದು. ಎದೆ ಹಿಡಿಯುವುದು ಹಾರ್ಡನರ್. ವರ್ಕ್‌ಶಾಪಿನಲ್ಲಿ ಪೇಂಟ್ ಹೊಡೆಯುವ ಬೂತಿನ ಬಾಗಿಲಿಗೆ ಬೋರ್ಡು ಬರೆದವನು ನಾನೇ: ಮಾಸ್ಕ್ ಇಲ್ಲದವರು ಒಳಗೆ ಬರಕೂಡದು. ಚಂದದ ಅಕ್ಷರ. ಮನೆಯಲ್ಲಿ ಒಂದೇ ಮಾಸ್ಕ್ ಇತ್ತು, ಅದನ್ನು ನಾನು ಹಾಕಿಕೊಂಡೆ.

ಆಮೇಲೆ ಮಾಡಿದ್ದು ಬರೆಯಲು ನಾಚಿಕೆಯಾಗುತ್ತದೆ. ಥಿನ್ನರ್ ಹಚ್ಚಿದರೆ ವಾಸನೆ ಉಳಿಯುತ್ತದೆ ಎಂದು ಬ್ಲೇಡು ತಂದೆ, ಒದ್ದೆ ಬಟ್ಟೆ ತಂದೆ. ಕಟ್ಟೆ, ಗಾಜು, ಚೌಕಟ್ಟು ಎಲ್ಲ ಕೆರೆದು ಒರೆಸಿದೆ. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತು ನೋಡಿತು. ಅದನ್ನೂ ಹಿಡಿದು ಬೆನ್ನು ಬಾಚಿದೆ.

ಅಕ್ಕ ಬಂದು, "ಅಯ್ಯೋ ಕಿಟಕಿ ಎಲ್ಲ ತೊಳೆದಿದ್ದೀಯಾ, ನನ್ನ ಕೆಮ್ಮಿಗಾ?" ಎಂದು ಕೇಳಿದಳು. ಹೂಂ ಎಂದೆ.

ಮಾರ್ಚ್ 30, ಶನಿವಾರ

ಬೆಕ್ಕು ಹೋಯಿತು. ಟಿಕೆಟ್ ಕೌಂಟರಿನ ಗೆಳತಿ ಬುಟ್ಟಿ ತಂದಿದ್ದಳು. ಅಕ್ಕ ಅದರ ಬಟ್ಟಲು, ಚೆಂಡು, ಹಳೆ ಸ್ವೆಟರು ಎಲ್ಲ ಕೊಟ್ಟಳು. ನಾನು ನಿಜ ಹೇಳಬಹುದಿತ್ತು. ಬುಟ್ಟಿಯ ಮುಚ್ಚಳ ಹಾಕುವ ಮುಂಚೆ. ಮೆಟ್ಟಿಲಲ್ಲಿ. ಗಾಡಿ ಹತ್ತಿಸುವಾಗ. ಬುಟ್ಟಿ ಹೊತ್ತವನು ನಾನೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಲ್ಲಿ ಎಮ್ಮೆಯನ್ನು ಹೊತ್ತು ಸಾಗಿಸಿದ್ದೂ ಆಯಿತು.

ಏಪ್ರಿಲ್ 21, ಭಾನುವಾರ

ಮೂರು ವಾರ ಬರೆಯಲಿಲ್ಲ. ಗನ್ನೂ ಮುಟ್ಟಿಲ್ಲ. ಡಾಕ್ಟರ ಹತ್ತಿರ ಹೋಗುವ ಮುಂಚೆಯೇ ಏಳು ಮೀನು ಮುಗಿದಿದ್ದವು, ಎಂಟನೆಯದು ಬಣ್ಣ ಹೊಡೆದದ್ದು ಹಾಗೇ ನೇತಾಡುತ್ತಿದೆ.

ಅಕ್ಕನ ಕೆಮ್ಮು ಇಳಿದಿದೆ. ಸಿಳ್ಳೆಯೂ ನಿಂತಿದೆ. ಬೆಕ್ಕು ಹೋಯಿತು, ಕೆಮ್ಮು ಹೋಯಿತು — ಡಾಕ್ಟರು, ಮ್ಯಾನೇಜರು, ಗೆಳತಿ ಎಲ್ಲರದೂ ಒಂದೇ ಮಾತು. ಗನ್ನು ನಿಂತದ್ದು ಯಾರಿಗೂ ಗೊತ್ತಿಲ್ಲ. ಈಗ ಹೇಳಿದರೆ? ಹುಷಾರಾಗಿದ್ದಾಳೆ, ಮೈಕು ಉಳಿದಿದೆ, ಯಾಕೆ ಕೆದಕಬೇಕು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಎನ್ನುತ್ತಾರೆ. ಪಾಪ, ಇಲ್ಲಿ ಹಾಲು ಕುಡಿದದ್ದು ಬೆಕ್ಕಲ್ಲ.

ಇವತ್ತು ಗೆಳತಿಯ ಮನೆಗೆ ಹೋಗಿದ್ದಳಂತೆ. ಒಳಗೆ ಹೋಗಲಿಲ್ಲ, ಮತ್ತೆ ಕೆಮ್ಮು ಬಂದೀತೆಂದು. ರಸ್ತೆಯಲ್ಲೇ ನಿಂತು ಕಿಟಕಿಗೆ ಕೈ ಬೀಸಿದಳಂತೆ. ಇನ್ಸ್‌ಪೆಕ್ಟರ್ ನೋಡಿತಂತೆ, ಮುಖ ತಿರುಗಿಸಿತಂತೆ. "ಕೋಪ ಇರಬೇಕು, ಸರಿನೇ ಬಿಡು" ಎಂದು ಊಟಕ್ಕೆ ಕೂತಳು. ಅರ್ಧಕ್ಕೇ ಎದ್ದಳು.

ಅಮ್ಮ ಹೋದಾಗ ನನಗೆ ಒಂಬತ್ತು, ಇವಳಿಗೆ ಹತ್ತೊಂಬತ್ತು. ನನ್ನ ಜ್ವರಗಳಿಗೆಲ್ಲ ರಾತ್ರಿ ಕೂತವಳು. ಥೂ ನನ್ನ ಜನ್ಮಕ್ಕೆ.

ಮೇ 12, ಭಾನುವಾರ

ಪ್ರದರ್ಶನ ಮುಂದಿನ ಭಾನುವಾರ. ಏಳೇ ಮೀನು ಇಡುತ್ತೇನೆ ಎಂದೆ. ಎಂಟನೆಯದು ಯಾಕೆ ಮುಗಿಸಲಿಲ್ಲ ಎಂದು ಅಕ್ಕ ಎರಡು ಸಲ ಕೇಳಿದಳು. ಬೇಜಾರು ಎಂದೆ. ನನ್ನ ಕಾಯಿಲೆಯ ಗಲಾಟೆಯಲ್ಲಿ ನಿನ್ನ ಕೆಲಸ ನಿಂತಿತು ಅಲ್ವಾ ಎಂದಳು. ಛೇ, ಹಾಗೇನಿಲ್ಲ ಎಂದೆ.

ವರ್ಕ್‌ಶಾಪಿನ ಬೂತಿನಲ್ಲಿ ಮುಗಿಸಬಹುದು. ಅಲ್ಲಿ ಗಾಳಿ ಎಳೆಯುವ ದೊಡ್ಡ ಫ್ಯಾನಿದೆ, ಫಿಲ್ಟರಿದೆ. ಮೊದಲಿನಿಂದಲೂ ಇತ್ತು. ಮೇಸ್ತ್ರಿಯನ್ನು ಕೇಳಲಿಲ್ಲ, ಅಷ್ಟೇ. ಎರಡು ವರ್ಷದ ಹಿಂದೆ ಒಂದು ಮೀನು ತೋರಿಸಿದಾಗ, ಇದಕ್ಕೆ ಚಕ್ರ ಯಾವಾಗ ಹಾಕ್ತೀಯಾ ಎಂದು ಎಲ್ಲರೆದುರು ನಗಾಡಿದ್ದ. ಆ ನಗುವಿಗೆ ಹೆದರಿ ಬಚ್ಚಲು ಸೇರಿದೆ.

ಬಾಟಲಿಗಳು ಇನ್ನೂ ಬಚ್ಚಲ ಅಟ್ಟದ ಮೇಲಿವೆ. ನಾಳೆ ವಾಪಸು ಒಯ್ಯಬೇಕು.

ಮೇ 18, ಶನಿವಾರ, ಸಂಜೆ ಆರು. ಆಸ್ಪತ್ರೆ

ಒಯ್ಯಲಿಲ್ಲ.

ಎರಡು ಗಂಟೆಗೆ ಮನೆಗೆ ಬಂದೆ. ಬಾಗಿಲು ತೆಗೆದಾಗಲೇ ಥಿನ್ನರ್ ವಾಸನೆ. ಅಕ್ಕ ಬಚ್ಚಲ ಹೊಸ್ತಿಲ ಮೇಲೆ ಕೂತಿದ್ದಳು, ಎರಡು ಕೈ ಮಂಡಿಗೆ ಊರಿ, ಭುಜ ಎತ್ತಿ. ತುಟಿ ನೀಲಿ. ಮಾತು ಬರುತ್ತಿರಲಿಲ್ಲ. ಪಕ್ಕದಲ್ಲಿ ಒಂದು, ಎರಡು ಬಾಟಲಿ, ಅಳತೆಯ ಲೋಟ, ಬ್ರಷ್ಷು. ತಂತಿಯಲ್ಲಿ ಎಂಟನೆಯ ಮೀನು, ಒದ್ದೆ ಹೊಳಪು.

ನನಗೆ ಮುಗಿಸಿಕೊಡಲು ಕೂತಿದ್ದಾಳೆ. ಇದರಿಂದ ಎರಡು, ಅದರಿಂದ ಒಂದು — ಬಾಗಿಲ ಸಂದಿಯಿಂದ ಎಷ್ಟು ಸಲ ನೋಡಿದ್ದಾಳೋ. ನೀರಿನ ವಾರ್ನಿಷ್ ತಾನೆ. ಬರಿಗೈ, ಬರಿಮೂಗು. ಧೂಳು ಬೀಳದಿರಲಿ ಎಂದು ಕಿಟಕಿಯನ್ನೂ ಮುಚ್ಚಿದ್ದಳು. ನೆಲಕ್ಕೆ ನೀರು ಚಿಮುಕಿಸಿದ್ದಳು.

ಎತ್ತಿಕೊಂಡು ಓಡಿದೆ. ಕೆಳಗಿನ ಮನೆಯವರ ಕಾರು. ದಾರಿಯುದ್ದಕ್ಕೂ ಎದೆಯ ಸದ್ದು. ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಂಡದ್ದು ಹೇಗೆಂದು ನೆನಪಿಲ್ಲ, ಆದರೆ ಕೈಯಲ್ಲಿದ್ದವು.

ಅದೇ ಡಾಕ್ಟರು. ಚೀಲ ಮೇಜಿನ ಮೇಲಿಟ್ಟೆ. ಎಲ್ಲ ಹೇಳಿದೆ — ಹಾರ್ಡನರಿನ ಹೆಸರು, ಫ್ಯಾನು, ಸಂದಿ, ಕಿಟಕಿ, ಕೆರೆದದ್ದು. ಅವರು ಮೊದಲು ನರ್ಸಿಗೆ ಹೇಳಬೇಕಾದ್ದು ಹೇಳಿದರು. ಒಳಗೆ ಹೋಗಿ ಬಹಳ ಹೊತ್ತು ಬಿಟ್ಟು ಬಂದರು.

"ನಿಮ್ಮನ್ನ ಕೇಳಿದ್ದೆ ಅಲ್ವಾ?"

ಬೈದಿದ್ದರೆ ವಾಸಿ ಇತ್ತು.

ಉಸಿರು ಹತೋಟಿಗೆ ಬಂದಿದೆ. ಇನ್ನು ಮುಂದೆ ಅದು ಎಷ್ಟು ಸ್ವಲ್ಪ ತಗುಲಿದರೂ ಅವಳಿಗೆ ಆಗುವುದಿಲ್ಲವಂತೆ, ನನ್ನ ಕೆಲಸದ ಬಟ್ಟೆಯಲ್ಲಿರುವಷ್ಟೂ. ಮೈಕಿನ ಮುಂದೆ ಕೂರುವ ಮಾತು ಈಗಲೇ ಹೇಳಲಾಗದಂತೆ. "ಇದು ಅವರಿಗೆ ಗೊತ್ತಾಗಬೇಕು, ಇಲ್ಲದಿದ್ದರೆ ಹುಷಾರಾಗಿರೋಕೆ ಆಗಲ್ಲ. ನಾಳೆ ನಾಲ್ಕಕ್ಕೆ ಬರ್ತೀನಿ. ಅಷ್ಟರೊಳಗೆ ನೀವು ಹೇಳಿ. ಇಲ್ಲಾಂದ್ರೆ ನಾನು ಹೇಳ್ತೀನಿ."

ಮೇ 19, ಭಾನುವಾರ, ಬೆಳಿಗ್ಗೆ ಹನ್ನೊಂದು

ಮನೆಗೆ ಬಂದು ಸ್ನಾನ ಮಾಡಿದೆ, ಎರಡು ಸಲ. ಬಟ್ಟೆಗಳನ್ನೆಲ್ಲ ಕಟ್ಟಿ ಹೊರಗಿಟ್ಟೆ. ಮೇಸ್ತ್ರಿಗೆ ಫೋನು ಮಾಡಿದೆ. ಅವನು ನಗಲಿಲ್ಲ. "ಬೂತ್ ಇತ್ತಲ್ಲೋ," ಎಂದ. ಮತ್ತೆ ಅದನ್ನೇ ಅಂದ. ನಾಳೆಯಿಂದ ಅಲ್ಲೇ ಸ್ನಾನ, ಅಲ್ಲೇ ಬಟ್ಟೆ ಬದಲು. ಮೇಲಿನ ಕೋಣೆಯಲ್ಲಿ ಮಲಗು ಎಂದಿದ್ದಾನೆ.

ಪ್ರದರ್ಶನ ಈಗ ಶುರುವಾಗಿರುತ್ತದೆ. ನನ್ನ ಮೇಜು ಖಾಲಿ.

ಮಧ್ಯಾಹ್ನ ಎರಡೂವರೆ. ಆಸ್ಪತ್ರೆಯ ಕಾರಿಡಾರ್

ಹೇಳಲು ಒಳಗೆ ಹೋಗಿದ್ದೆ. ಮೂಗಿಗೆ ನಳಿಕೆ ಇದೆ, ಧ್ವನಿ ಪಿಸುಮಾತಿನಷ್ಟು. ಪ್ರದರ್ಶನಕ್ಕೆ ಯಾಕೆ ಹೋಗಲಿಲ್ಲ ಎಂದು ಮೊದಲು ಬೈದಳು. ಆಮೇಲೆ ಕೈ ಹಿಡಿದಳು.

"ನಿನ್ನ ಮೀನು ಹಾಳು ಮಾಡಿದೆ ಕಣೋ. ದಪ್ಪ ಆಗಿಬಿಡ್ತು, ಗುಳ್ಳೆ ಬಂತು. ಅದೂ ಅಲ್ದೆ ಅದರ ಬೆನ್ನಲ್ಲಿ ಇನ್ಸ್‌ಪೆಕ್ಟರ್ ಕೂದಲು ಸಿಕ್ಕಿಕೊಂಡಿದೆ, ನೋಡಿದ್ಯಾ? ಎಲ್ಲಿ ಅಂಟಿಕೊಂಡಿತ್ತೋ ಏನೋ. ಅದೊಂದು ಕೂದಲೇ ನನಗೆ ಹೀಗೆ ಮಾಡಿತು. ಇನ್ನು ಆ ಬೆಕ್ಕಿನ ಮುಖ ನೋಡಲ್ಲ."

ಕಣ್ಣಲ್ಲಿ ನೀರು. ನನ್ನ ಮೀನಿಗೋ, ಬೆಕ್ಕಿಗೋ. ನಾನು ಮಲಗು ಎಂದು ಹೊರಗೆ ಬಂದೆ. ಹೊರಗೆ ಬಂದೆ!

ಮನೆಯಿಂದ ಆ ಮೀನನ್ನು ತಂದಿದ್ದೇನೆ, ಡಬ್ಬಿಯಲ್ಲಿ ಗಟ್ಟಿ ಮುಚ್ಚಿ; ಒಳಗೆ ಹೋಗುವಾಗ ಕಾರಿಡಾರಿನ ಬೆಂಚಿನ ಮೇಲೆ ಬಿಟ್ಟಿದ್ದೆ. ಡಬ್ಬಿಯ ಗಾಜಿನಿಂದ ನೋಡಿದೆ. ಹೌದು. ಕಿತ್ತಳೆ ಬಣ್ಣದ ಒಂದು ಕೂದಲು, ಕ್ಲಿಯರ್ ಒಳಗೆ, ಬಾಲದವರೆಗೆ. ಇನ್ನು ತೆಗೆಯಲಾಗದು. ಈ ಡಬ್ಬಿಯನ್ನು ಅವಳ ಕೋಣೆಗೆ ಒಯ್ಯಕೂಡದು, ನರ್ಸಿನ ಮೇಜಿನ ಹತ್ತಿರವೂ ಬೇಡ. ಕೆಳಗೆ ಹೋಗಿ ಕಟ್ಟಡದ ಹೊರಗೆ ಇಟ್ಟು ಬರುತ್ತೇನೆ.

ಮೂರೂ ಐವತ್ತು

ಇಟ್ಟು ಬಂದೆ. ಕೈ ತೊಳೆದೆ. ಮರೆಯದಿರಲಿ ಎಂದು ಬರೆದುಕೊಳ್ಳುತ್ತಿದ್ದೇನೆ, ಹೀಗೇ ಹೇಳಬೇಕು, ಹಿಂದೆ ಮುಂದೆ ಏನೂ ಸೇರಿಸಬಾರದು.

ಒಂದು: ಅಕ್ಕಾ, ಬೆಕ್ಕಿನದು ಏನೂ ತಪ್ಪಿಲ್ಲ, ಸಂಜೆಗೇ ಹೋಗಿ ಕರೆದುಕೊಂಡು ಬರುತ್ತೇನೆ.

ಎರಡು: ಅದು ನೀರಿನ ವಾರ್ನಿಷ್ ಅಲ್ಲ. ನನಗೆ ಗೊತ್ತಿತ್ತು. ಕಿಟಕಿ ತೊಳೆದದ್ದು ನಿನ್ನ ಕೆಮ್ಮಿಗಲ್ಲ, ನಾನು

ಡಾಕ್ಟರು ಮೆಟ್ಟಿಲು ಹತ್ತುತ್ತಿದ್ದಾರೆ. ಅವರಿಗಿಂತ ಮೊದಲು ನಾನು ಅಕ್ಕನ ಬಾಗಿಲು ತಲುಪಬೇಕು —