ಬಾಗಿಲು ಇನ್ನೂ ತೆಗೆದಿಲ್ಲ

ಅತ್ತೆಮ್ಮ,

ಹಿರಿಯರ ಹಬ್ಬಕ್ಕೆ ಒಳಗೆ ನಿಮ್ಮ ಎಡೆ ಇಟ್ಟು, ಬಾಗಿಲು ಮುಚ್ಚಿ ಜಗಲಿಯ ಮೇಲೆ ಕೂತಿದ್ದೇನೆ. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು ಅಂತ, ಈ ಬಿಳಿಕೆರೆಯ ಮನೆಗೆ ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಹೇಳಿಕೊಟ್ಟವರು ನೀವೇ. ಹೋದ ವರ್ಷ ಸಾರು ಆರಿಹೋಗುತ್ತದೆಂದು ಐದೇ ನಿಮಿಷಕ್ಕೆ ಬಾಗಿಲು ತೆಗೆದುಬಿಟ್ಟೆ. ಉಂಡಿದ್ದಿರೋ ಇಲ್ಲವೋ...

ನಿಮ್ಮನ್ನು ಆಸ್ಪತ್ರೆಗೆ ತೋರಿಸಿದ ಆ ದಿನ ನೆನಪಿದೆಯಾ? ಸಕ್ಕರೆ ಕಾಯಿಲೆ, ತೂಕ ಇಳಿಸಿ ಅಂದರು ಡಾಕ್ಟರು. ಅಷ್ಟೇ ಸಾಕಾಯಿತು ನನಗೆ. ನಿಮ್ಮ ಮುದ್ದೆಯನ್ನು ಅರ್ಧ ಮಾಡಿದೆ. ಕಜ್ಜಾಯದ ಡಬ್ಬಿ ಬೀರುವಿಗೆ ಹೋಯಿತು, ಬೀರುವಿನ ಕೀ ನನ್ನ ಬ್ಯಾಗಿನಲ್ಲಿ ಹುಣಸೂರಿನ ಕಾಲೇಜಿಗೆ. ಅತ್ತೆಗೆ ಬೀಗ ಹಾಕಿದ ಸೊಸೆ! ಜೀವಶಾಸ್ತ್ರದ ಮೇಡಂ ಬೇರೆ.

ಎರಡು ತಿಂಗಳಾದ ಮೇಲೂ ತೂಕದ ಮುಳ್ಳು ಅಲ್ಲೇ ನಿಂತಿತ್ತು. ಆಸ್ಪತ್ರೆಯ ಸಾಲಿನಲ್ಲಿದ್ದ ಅಷ್ಟೂ ಜನರ ಮುಂದೆ ಕೇಳಿದೆ, "ಕದ್ದು ತಿಂತಿದ್ದೀರಾ?"

"ಮೊಮ್ಮಗಳ ಆಣೆಗೂ ಇಲ್ಲ ಕಣವ್ವ. ನೀನು ಕೊಟ್ಟಷ್ಟೇ ಉಂಡಿವ್ನಿ."

"ಹಂಗಾದ್ರೆ ಮಿಷನ್ ಸುಳ್ಳು ಹೇಳ್ತದಾ?"

ಸೆರಗು ಬಾಯಿಗೆ ಒತ್ತಿಕೊಂಡಿರಿ. ಅಂದಿನಿಂದ ಕೊನೆಯವರೆಗೂ ಗೋಡೆಯ ಕಡೆ ತಿರುಗಿಯೇ ಉಂಡಿರಿ. ನಾನು ಅದನ್ನೂ ಕಳ್ಳತನ ಅಂದುಕೊಂಡೆ.

ಹೋದ ತಿಂಗಳು ಮೈಸೂರಿನಲ್ಲಿ ನಮಗೊಂದು ತರಬೇತಿ ಇತ್ತು. ಕೊಬ್ಬು ಅಂದರೆ ಕಣಜ, ಹೆಚ್ಚು ಸುರಿದರೆ ಹೆಚ್ಚು ತುಂಬುತ್ತದೆ ಅಂತ ಇಷ್ಟು ವರ್ಷ ಪಾಠ ಮಾಡಿದವಳು ನಾನು. ಅಲ್ಲಿ ಬಂದಿದ್ದ ಮೇಷ್ಟ್ರು ಬೇರೆಯೇ ಹೇಳಿದರು. ರೋಗದ ಜೊತೆ ಹೋರಾಡುವ ಜೀವಕೋಶಗಳು ಕೊಬ್ಬಿನೊಳಗೂ ಕಾವಲು ಕೂತಿರುತ್ತವಂತೆ. ಹೊಸ ಕೊಬ್ಬಿನ ಕೋಶ ಹುಟ್ಟಬೇಕೋ ಬೇಡವೋ ಅನ್ನುವುದರಲ್ಲಿ ಅವುಗಳ ಕೈಯೂ ಇದೆಯಂತೆ. ಮೈ ದಪ್ಪವಾದಾಗ ಆ ಕಾವಲೇ ಕೆರಳಿ, ಹೊಸವನ್ನು ಬೆಳೆಯಗೊಡದೆ ತಡೆಯಬಹುದು. ಹಳೆಯವೇ ಊದಿಕೊಳ್ಳುತ್ತವೆ, ಸಕ್ಕರೆ ಕಾಯಿಲೆಗೂ ದಾರಿಯಾಗುತ್ತದೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಎದ್ದು ಕೇಳಿಯೇಬಿಟ್ಟೆ, "ಸಾರ್, ಹಂಗಾದ್ರೆ ಕಮ್ಮಿ ತಿಂದ್ರೂ ತೂಕ ಇಳಿಯದೇ ಇರಬಹುದಾ?"

"ಊಟಾನೂ ಮುಖ್ಯ ಮೇಡಂ. ಆದ್ರೆ ಊಟ ಒಂದೇ ಅಲ್ಲ. ಒಬ್ಬೊಬ್ರ ಮೈ ಒಂದೊಂದು ಥರ," ಅಂದರು.

ನೀವು ಕದಿಯಲಿಲ್ಲ ಅಂತ ಅವರೇನೂ ಹೇಳಲಿಲ್ಲ. ಹೇಗೆ ಹೇಳಿಯಾರು? ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಕೊರೆಯಿತು. ಮೊಮ್ಮಗಳಿಗೆ ಸೀನು ಬಂದರೂ ದೃಷ್ಟಿ ತೆಗೆಯುತ್ತಿದ್ದವರು, ಅವಳ ತಲೆ ಮೇಲೆ ಸುಳ್ಳು ಆಣೆ ಇಡುತ್ತಿದ್ದಿರಾ? ಅಷ್ಟು ತಿಳಿಯಲು ನನಗೆ ಮೈಸೂರಿನ ಪಾಠ ಬೇಕಿತ್ತಾ? ಥೂ, ನನ್ನ ಬುದ್ಧಿಗಿಷ್ಟು! ತಪ್ಪಾಯಿತು ಅತ್ತೆಮ್ಮ.

ಬೀರುವಿನ ಬೀಗ ಬಿಸಾಕಿದೆ. ಎಲೆಯ ಮೇಲೆ ಎರಡು ಇಡೀ ಮುದ್ದೆ ಇದೆ, ಪಕ್ಕದಲ್ಲಿ ಡಬ್ಬಿಯ ಕಜ್ಜಾಯವೆಲ್ಲ ಸುರಿದಿದ್ದೇನೆ. "ಸಾಕು ತೆಗಿಯೇ, ಹೊಟ್ಟೆ ಹಸಿತಾ ಅದೆ," ಅಂತ ನಿಮ್ಮ ಮಗ ಎರಡು ಸಲ ಗೊಣಗಿ ಹೋದರು. ಇನ್ನೊಂಚೂರು ಹೊತ್ತು ಇರಲಿ ಅಂದಿದ್ದೇನೆ. ನೀವು ನಿಧಾನಕ್ಕೆ ಉಣ್ಣಿ. ಗೋಡೆಯ ಕಡೆ ತಿರುಗಬೇಡಿ, ನಾನು ನೋಡುತ್ತಿಲ್ಲ.