ಹಳಿ ಮುಗಿದ ಮೇಲಿನ ಎರಡು ಮೈಲಿ

ಪಟ್ನಾ ಸಿಟಿ
ಮಾರ್ಗಶಿರ ಬಿದಿಗೆ, ೧೯೦೩

ಫುಲೇಸರಿಗೆ, ನಿನ್ನ ಗಂಡನೆಂದು ಹೇಳಿಕೊಳ್ಳಲು ನಾಚುವವನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಕುದುರೆ ಟ್ರಾಂ ನಿಂತುಹೋದ ಸುದ್ದಿ ನಿನ್ನ ತವರು ಮೀಠಾಪುರಕ್ಕೂ ಬಂದಿರಬೇಕು. ಹದಿನೇಳು ವರ್ಷ ಓಡಿತು, ಅಷ್ಟೇ. ಜನ ಒಂಟಿ ಕುದುರೆಯ ಎಕ್ಕಾ ಗಾಡಿಯನ್ನೇ ಹತ್ತಿದರು. ಅದು ಮನೆ ಬಾಗಿಲಿಗೆ ಬಿಡುತ್ತದೆ, ನಮ್ಮದು ಹಳಿ ಇದ್ದಷ್ಟೇ ದೂರ. ಲಾಯದ ಹರಾಜಿನಲ್ಲಿ ಮುದಿ ಕುದುರೆ ಚಂಪಿಯಾಳನ್ನು ಯಾರೂ ಕೂಗಲಿಲ್ಲ. ನಾನೇ ಕರೆತಂದು ಎಕ್ಕಾಗೆ ಕಟ್ಟಿದ್ದೇನೆ.

ಈ ಹಟಮಾರಿಯ ಕಥೆ ಕೇಳು. ಸಬ್ಜಿಬಾಗ್ ಬಂದರೆ ಸಾಕು, ನಿಂತುಬಿಡುತ್ತಾಳೆ. ಹಳಿ ಅಲ್ಲಿಗೆ ಮುಗಿಯುತ್ತಿತ್ತಲ್ಲ! ಟ್ರಾಂ ತಿರುಗಿಸುವ ಪದ್ಧತಿ ಇರಲಿಲ್ಲ. ಕುದುರೆ ಬಿಚ್ಚಿ ಇನ್ನೊಂದು ತುದಿಗೆ ಕಟ್ಟುತ್ತಿದ್ದೆವು. ಈಗಲೂ ಬಿಚ್ಚಲಿ ಎಂದು ಕಾಯುತ್ತಾಳೆ. ಬೈದರೂ ಅಷ್ಟೇ, ಬೆಲ್ಲ ತೋರಿಸಿದರೂ ಅಷ್ಟೇ. ನಿನ್ನೆ ಹತ್ತಿದ್ದ ಬಟ್ಟೆ ಅಂಗಡಿಯವನು, "ಏನಯ್ಯಾ ಜಗರೂಪ, ಕುದುರೆ ನಿನ್ ಮಾತು ಕೇಳುತ್ತೋ, ನೀನು ಕುದುರೆ ಮಾತು ಕೇಳ್ತೀಯೋ?" ಎಂದು ನಕ್ಕು ಇಳಿದು ಹೋದ.

ನನಗೆ ನಗು ಬರಲಿಲ್ಲ. ನಿನ್ನಪ್ಪ ಕೊನೆಯುಸಿರು ಎಳೆಯುತ್ತಿದ್ದಾರೆಂದು ತಿಳಿದ ದಿನ ನಿನ್ನನ್ನು ಇಳಿಸಿದ್ದು ಅಲ್ಲೇ. "ನೀವೂ ಬನ್ನಿ, ಎರಡೇ ಮೈಲಿ. ಒಬ್ಬಳೇ ಹೆಂಗೆ ಹೋಗ್ಲಿ?" ಎಂದು ನೀನು ಬೇಡಿಕೊಂಡೆ. "ಗಾಡಿ ಹೊರಡೋ ಹೊತ್ತಾಯ್ತು ಕಣೇ. ನೀನು ನಡಿ, ಸಂಜೆ ಬರ್ತೀನಿ" ಎಂದು ನಾನು ಕುದುರೆ ಬಿಚ್ಚಲು ಹೋದೆ. ಕೆಲಸ ಹೋದೀತೆಂಬ ಹೆದರಿಕೆ, ಫುಲೇಸರಿ. ಮಾವ ಹೋದರೆಂದು ಮರುದಿನ ಗೊತ್ತಾಯಿತು. ಯಾವ ಮುಖ ಹೊತ್ತು ಬರಲಿ? ತಿಥಿಗೂ ಬರಲಿಲ್ಲ, ನಿನ್ನನ್ನು ಕರೆದೊಯ್ಯಲೂ ಬರಲಿಲ್ಲ. ಒಂದು ದಿನದ ನಾಚಿಕೆ ಬೆಳೆದು ನಾಲ್ಕು ವರ್ಷವಾಯಿತು. ಈಗ ಆ ಕೆಲಸವೂ ಇಲ್ಲ.

ಚೆನ್ನಾಗಿದ್ದೇನೆ ಎಂದು ಬರೆದೆನಲ್ಲ, ಅದು ಸುಳ್ಳು. ಒಬ್ಬನಿಗಾಗಿ ಒಲೆ ಹೊತ್ತಿಸಲು ಬೇಸರ. ಕಡಲೆಹಿಟ್ಟು ಕಲಸಿ, ಈರುಳ್ಳಿ ಕಚ್ಚಿಕೊಂಡು ನುಂಗುತ್ತೇನೆ. ದಿನವೆಲ್ಲ ಮಾತು ಕುದುರೆಯ ಜೊತೆಗೇ. ನೀನಿಲ್ಲದ ಮನೆಗೆ ಹೋಗಲು ಕಾಲೇ ಬರುವುದಿಲ್ಲ. ನನ್ನನ್ನು ಕ್ಷಮಿಸು ಎನ್ನಲೂ ಬಾಯಿಲ್ಲ.

ಇಂತಿ, ಇನ್ನೂ ನಿನ್ನವನೇ ಆದ
ಜಗರೂಪ

ಇನ್ನೊಂದು ಮಾತು: ಈ ಕಾಗದದ ಮೇಲೆ ಅಂಚೆ ಮುದ್ರೆ ಇಲ್ಲ, ನೋಡಿದೆಯಾ? ಇವತ್ತೂ ಚಂಪಿಯಾ ಸಬ್ಜಿಬಾಗಿನಲ್ಲಿ ನಿಂತಳು. ನಾನು ಇಳಿದು, ಲಗಾಮು ಹಿಡಿದು ಮುಂದೆ ನಡೆದೆ. ನಾನು ಹೆಜ್ಜೆ ಇಟ್ಟ ಮೇಲೆ ಅವಳೂ ಬಂದಳು. ಈ ನಾಲ್ಕು ಸಾಲನ್ನು ನಿಮ್ಮ ಮನೆಯೆದುರಿನ ಬೇವಿನ ಕೆಳಗೆ ಕೂತು ಬರೆಯುತ್ತಿದ್ದೇನೆ; ಹೊಸ್ತಿಲ ಮೇಲಿಟ್ಟು ಮತ್ತೆ ಇಲ್ಲಿಗೇ ಬಂದು ಕೂರುತ್ತೇನೆ. ಅವತ್ತು ಸಂಜೆ ಬರುತ್ತೇನೆ ಎಂದಿದ್ದೆ. ಸಂಜೆಯಾಗಿದೆ, ಬಂದಿದ್ದೇನೆ.